ಒಂದು ಕ್ಯಾನ್ ಪ್ಲಾಸ್ಮಾ ನೀರಿನಲ್ಲಿ ಯೂರಿಯಾ ಎಷ್ಟು?

ಗಾಳಿಗೆ ಕರೆಂಟಿನ ಕಿಡಿ ಹಾಯಿಸಿ ತಯಾರಿಸುವ ‘ಪ್ಲಾಸ್ಮಾ ನೀರಿನ’ ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೇ ಎತ್ತಿಕೊಂಡಿದ್ದೇವೆ.

ಮಳೆಯಾಶ್ರಯದಲ್ಲಿ ಎರಡು ಎಕರೆ ಮೆಕ್ಕೆಜೋಳ ಹಾಕುತ್ತೇನೆ. ನೀರಿಗೆ ಪ್ಲಾಸ್ಮಾ ಹಾಯಿಸುವ ಯಂತ್ರ ತಗೊಂಡರೆ ಯೂರಿಯಾಕ್ಕೆ ಪಾಳಿ ಹಚ್ಚೋದು ತಪ್ಪುತ್ತದೆ ಅಂತಾರೆ. ಆ ನೀರಲ್ಲಿ ಏನಿರುತ್ತದೆ? ನಂಬಬಹುದಾ?
— ಓದುಗರು, ಮಾಯಕೊಂಡ

ಗಾಳಿಯಲ್ಲಿ ಶೇ 78ರಷ್ಟು ಸಾರಜನಕವೇ ಇದೆ. ಆದರೆ ಅದರ ಪರಮಾಣುಗಳು ಎರಡೆರಡಾಗಿ ಬಿಗಿಯಾಗಿ ತಬ್ಬಿಕೊಂಡಿರುವುದರಿಂದ ಗಿಡಕ್ಕೆ ದಕ್ಕುವುದಿಲ್ಲ. ಸಾವಿರಾರು ವೋಲ್ಟಿನ ಕಿಡಿ ಹಾಯಿಸಿದರೆ ಆ ಜೋಡಿ ಒಡೆಯುತ್ತದೆ, ಆಮ್ಲಜನಕದ ಜೊತೆ ಸೇರಿ ಸಾರಜನಕದ ಆಕ್ಸೈಡುಗಳಾಗುತ್ತದೆ. ಅವು ನೀರಿಗಿಳಿದಾಗ ನೈಟ್ರೇಟ್ ಮತ್ತು ನೈಟ್ರೈಟ್. ಕಿಡಿ ನೀರನ್ನೂ ಒಡೆಯುವುದರಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ, ಒಂದಿಷ್ಟು ಓಜೋನ್ ಕರಗುತ್ತದೆ, ನೀರು ಹುಳಿಯಾಗುತ್ತದೆ. ಕಿಡಿ ಹೊತ್ತಿದ ಆ ಗಾಳಿಗೆ ಪ್ಲಾಸ್ಮಾ ಎಂದು ಹೆಸರು. ನಿಮ್ಮ ಕೊಡಕ್ಕೆ ಬರುವುದು ಪ್ಲಾಸ್ಮಾ ಅಲ್ಲ, ಅದು ನೀರಿನಲ್ಲಿ ಬಿಟ್ಟುಹೋದ ಪದಾರ್ಥ ಮಾತ್ರ. ಕಣ್ಕಟ್ಟು ಏನೂ ಇಲ್ಲ. ಪ್ರಶ್ನೆ ಇರುವುದು ಅಳತೆಯಲ್ಲಿ.

ಸಣ್ಣ ಯಂತ್ರಗಳ ನೀರಿನಲ್ಲಿ ಲೀಟರಿಗೆ ಹತ್ತಾರು ಮಿಲಿಗ್ರಾಂನಿಂದ ಕೆಲವು ನೂರು ಮಿಲಿಗ್ರಾಂವರೆಗೆ ನೈಟ್ರೇಟ್ ಇರುತ್ತದೆ. ಲೆಕ್ಕಕ್ಕೆ 100 ಎಂದಿಟ್ಟುಕೊಳ್ಳಿ. ನೈಟ್ರೇಟ್‌ನ ತೂಕದಲ್ಲಿ ಸಾರಜನಕ ಶೇ 22.6. ಅಂದರೆ ಬೆನ್ನಿಗೆ ಹಾಕುವ 15 ಲೀಟರ್ ಕ್ಯಾನ್ ತುಂಬಾ ತುಂಬಿಸಿದರೆ ಸಿಗುವ ಸಾರಜನಕ 0.34 ಗ್ರಾಂ. ಯೂರಿಯಾದಲ್ಲಿ ಹೇಳಬೇಕಾದರೆ ಮುಕ್ಕಾಲು ಗ್ರಾಂ, ಒಂದು ಚಿಟಿಕೆ. ಎಲೆಗೆ ಶೇ 2ರ ಯೂರಿಯಾ ಹೊಡೆಯುವಾಗ ಅದೇ ಕ್ಯಾನಿಗೆ 300 ಗ್ರಾಂ ಹಾಕುತ್ತೀರಿ.

ಇನ್ನು ಹೊಲದ ಲೆಕ್ಕ. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಎಕರೆಗೆ ಸುಮಾರು 40 ಕೆಜಿ ಸಾರಜನಕ ಬೇಕು. ಯೂರಿಯಾ ಆದರೆ ಎರಡು ಚೀಲಕ್ಕೆ ಮುಗಿಯುತ್ತದೆ. ಪ್ಲಾಸ್ಮಾ ನೀರಾದರೆ 17.7 ಲಕ್ಷ ಲೀಟರ್, 5,000 ಲೀಟರಿನ ಟ್ಯಾಂಕರ್ 350ಕ್ಕೂ ಹೆಚ್ಚು. ಇಡೀ ಬೆಳೆ ಕುಡಿಯುವಷ್ಟು ನೀರು ಅದು. ಮಳೆ ನಂಬಿದ ಹೊಲಕ್ಕೆ ಅಷ್ಟು ನೀರು ತರುವವರು ಯೂರಿಯಾದ ಚಿಂತೆ ಮಾಡಬೇಕಿಲ್ಲ.

ಕರೆಂಟಿನ ಲೆಕ್ಕ ಇನ್ನೂ ಖಾರ. 500 ವ್ಯಾಟ್‌ನ ಯಂತ್ರ ಅರ್ಧ ಗಂಟೆಯಲ್ಲಿ 20 ಲೀಟರ್ ನೀರನ್ನು ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್‌ಗೆ ತಂದಿತು ಎನ್ನೋಣ. ಖರ್ಚು ಕಾಲು ಯೂನಿಟ್, ಹುಟ್ಟಿದ ಸಾರಜನಕ 0.23 ಗ್ರಾಂ. ಕಿಲೋಗೆ 1,100 ಯೂನಿಟ್ ಬಿತ್ತು! ಪ್ರಯೋಗಾಲಯಗಳ ಅತ್ಯುತ್ತಮ ಯಂತ್ರಗಳು 50 ಯೂನಿಟ್ ಆಸುಪಾಸಿಗೆ ಇಳಿಸಿವೆ. ಗೊಬ್ಬರ ಕಾರ್ಖಾನೆಯ ಹೇಬರ್–ಬಾಷ್ ವಿಧಾನಕ್ಕೆ ಸುಮಾರು 10 ಯೂನಿಟ್‌ಗೆ ಸಮನಾದ ಇಂಧನ ಸಾಕು. ಗಾಳಿಗೆ ಕಿಡಿ ಹಚ್ಚಿ ಗೊಬ್ಬರ ಮಾಡುವ ಕಲ್ಪನೆ ಹೊಸದೂ ಅಲ್ಲ. ನಾರ್ವೆಯಲ್ಲಿ ಬಿರ್ಕೆಲಾಂಡ್ ಮತ್ತು ಐಡೆ 1903ರಲ್ಲಿ ಇದನ್ನು ಕಂಡುಹಿಡಿದು, 1905ರಲ್ಲಿ ನೊಟೊಡೆನ್‌ನಲ್ಲಿ ಕಾರ್ಖಾನೆಯನ್ನೇ ನಡೆಸಿದರು. ಜಲವಿದ್ಯುತ್ ಅಗ್ಗವಾಗಿ ಸಿಗುವ ಆ ನಾಡಿನಲ್ಲೂ ಅದು ಹೇಬರ್–ಬಾಷ್ ಎದುರು ನಿಲ್ಲಲಿಲ್ಲ. ನಮ್ಮಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ ಕರೆಂಟು ಪುಕ್ಕಟೆ ಎಂದು ಯಾರಾದರೂ ವಾದಿಸಿಯಾರು. ಅದು ಪಂಪಿಗೆ ಕೊಟ್ಟ ಕರೆಂಟು.

ಹಾಗಾಗಿ ಯೂರಿಯಾ ಬದಲಿಗೆ ಎಂದು ಹೇಳಿ ಮಾರಲು ಬಂದವರಿಗೆ ಬಾಗಿಲಲ್ಲೇ ನಮಸ್ಕಾರ ಹಾಕಿ. ಈ ನೀರಿಗೆ ಏನಾದರೂ ಜಾಗ ಇದ್ದರೆ ಅದು ಬೀಜ ಮತ್ತು ಸಸಿಮಡಿಯ ಹತ್ತಿರ, ಲೀಟರುಗಳಲ್ಲಿ ಮುಗಿಯುವ ಕೆಲಸದಲ್ಲಿ.

ಗುಡುಗು–ಮಿಂಚಿನ ಮಳೆ ಬಿದ್ದ ಮಾರನೇ ವಾರವೇ ಹೊಲ ಹಸಿರೇರುತ್ತದೆ. ಅದೂ ಪ್ಲಾಸ್ಮಾ ನೀರೇ ಅಲ್ಲವೇ?
— ಓದುಗರು, ಹೊಳಲ್ಕೆರೆ

ಹೌದು, ಮಿಂಚೂ ಪ್ಲಾಸ್ಮಾನೇ. ಆದರೆ ಜಗತ್ತಿನ ಮಿಂಚೆಲ್ಲ ಸೇರಿ ವರ್ಷಕ್ಕೆ ಕಟ್ಟುವ ಸಾರಜನಕ ಸುಮಾರು 50 ಲಕ್ಷ ಟನ್ ಎಂದು ಅಂದಾಜು. ಭೂಮಿಯ ಮೇಲೆಲ್ಲ ಹರಡಿದರೆ ನಿಮ್ಮ ಎಕರೆಗೆ ಬರುವುದು ಕಿಲೋ ಲೆಕ್ಕಕ್ಕೂ ಸಿಗದಷ್ಟು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವ ಮಾತಿನ ಹಿಂದಿನ ದೊಡ್ಡ ಕಾರಣ ನೆಲದೊಳಗಿದೆ: ಬೇಸಿಗೆಯಿಡೀ ಕಾದು ಒಣಗಿದ ಮಣ್ಣು ಒಮ್ಮೆಲೇ ನೆನೆದಾಗ ಸೂಕ್ಷ್ಮಜೀವಿಗಳು ಎದ್ದು, ಹಳೆಯ ಕಸಕಡ್ಡಿಯಲ್ಲಿದ್ದ ಸಾರಜನಕವನ್ನು ಒಮ್ಮೆಗೇ ಬಿಡುತ್ತವೆ. ಮೇಲಿನ ಮಿಂಚಿಗೆ ಕೆಳಗಿನವರ ಕೆಲಸದ ಹೆಸರು ಬಂದಿದೆ.

ಯಂತ್ರ ಮಾರುವವರು ತೋರಿಸುವಾಗ ಬಾಟಲಿ ನೀರು ಹಾಕಿದರು, ಹುಳಿ ಅಳೆಯುವ ಪಿಎಚ್ ಕಾಗದ ಐದು ನಿಮಿಷಕ್ಕೆ ಕೆಂಪಾಯಿತು. ನಮ್ಮ ಬೋರ್ ನೀರು ಹಾಕಿ ಅರ್ಧ ಗಂಟೆ ಓಡಿಸಿದರೂ ಬಣ್ಣ ಕದಲಲಿಲ್ಲ. ಯಂತ್ರ ಕೆಟ್ಟಿದೆಯೇ? ಈ ನೀರಿಂದ ನಮ್ಮ ಸುಣ್ಣದ ನೆಲ ಸರಿಹೋಗುತ್ತದೆ ಎಂದೂ ಹೇಳಿದ್ದರು.
— ಓದುಗರು, ಚಳ್ಳಕೆರೆ

ಯಂತ್ರ ಕೆಟ್ಟಿಲ್ಲ. ನಿಮ್ಮ ನೀರು ಹುಳಿಯನ್ನು ಕುಡಿದುಬಿಟ್ಟಿದೆ.

ಬಾಟಲಿ ನೀರಿನಿಂದ ಲವಣವನ್ನು ಬಹುಪಾಲು ಸೋಸಿ ತೆಗೆದಿರುತ್ತಾರೆ. ಆಳದ ಬೋರ್ ನೀರಿನಲ್ಲಿ ಬೈಕಾರ್ಬೊನೇಟ್ ತುಂಬಿರುತ್ತದೆ. ಪಾತ್ರೆಯ ತಳಕ್ಕೆ, ಡ್ರಿಪ್ಪರ್ ಬಾಯಿಗೆ ಬಿಳಿ ಪದರ ಕಟ್ಟುವುದು ಅದೇ. ಕಿಡಿಯಿಂದ ಹುಟ್ಟಿದ ಆಮ್ಲ ಮೊದಲು ಅದರ ಮೇಲೆ ಖರ್ಚಾಗುತ್ತದೆ, ಅದು ಮುಗಿದ ಮೇಲಷ್ಟೇ ಪಿಎಚ್ ಇಳಿಯುತ್ತದೆ. ನೀರಿನ ಪರೀಕ್ಷೆಯ ವರದಿಯಲ್ಲಿ ‘ಒಟ್ಟು ಕ್ಷಾರತೆ’ ಎಂಬ ಸಾಲು ನೋಡಿ. ಅಲ್ಲಿ ಲೀಟರಿಗೆ 300 ಮಿಲಿಗ್ರಾಂ ಎಂದಿದ್ದರೆ, ಅದನ್ನು ತೀರಿಸಲಿಕ್ಕೇ ಲೀಟರಿಗೆ ಸುಮಾರು 370 ಮಿಲಿಗ್ರಾಂ ನೈಟ್ರೇಟ್ ಆಗುವಷ್ಟು ಆಮ್ಲ ಹುಟ್ಟಬೇಕು. ಕ್ಷಾರತೆ 100 ಇದ್ದರೆ 124 ಸಾಕು. ನೀರಿನಲ್ಲಿ ಕರಗಿದ ಒಟ್ಟು ಲವಣ ತೋರಿಸುವ ಟಿಡಿಎಸ್ ಮೀಟರು ಇದನ್ನು ಹೇಳುವುದಿಲ್ಲ. ಉಪ್ಪಿನ ನೀರಿಗೂ ಸುಣ್ಣದ ನೀರಿಗೂ ಅದು ಒಂದೇ ಅಂಕಿ ತೋರಿಸಬಲ್ಲದು.

ಪಿಎಚ್ ಇಳಿಯದಿದ್ದರೆ ನಷ್ಟ ಏನು? ಗೊಬ್ಬರದ ದೃಷ್ಟಿಯಿಂದ ಏನೂ ಇಲ್ಲ, ನೈಟ್ರೇಟ್ ಅಲ್ಲೇ ಇದೆ. ಆದರೆ ರೋಗಾಣು ಕೊಲ್ಲುವ ಗುಣ ಹುಳಿಯನ್ನೇ ನಂಬಿದೆ. ನೈಟ್ರೈಟ್ ಮತ್ತು ಪೆರಾಕ್ಸೈಡ್ ಹುಳಿ ನೀರಿನಲ್ಲಿ ಕೂಡಿದಾಗ ಪೆರಾಕ್ಸಿನೈಟ್ರಸ್ ಆಮ್ಲವಾಗುತ್ತದೆ, ಕ್ಷಣಮಾತ್ರ ಬದುಕುವ ಆ ಪದಾರ್ಥವೇ ಕೊಲ್ಲುವ ಕತ್ತಿ. ಬೋರ್ ನೀರಿನಲ್ಲಿ ಆ ಕತ್ತಿ ಒರೆಯಿಂದ ಹೊರಗೇ ಬರುವುದಿಲ್ಲ. ಫ್ಲೋರೈಡ್, ಉಪ್ಪು ಇವೆಲ್ಲ ಹಾಗೆಯೇ ಉಳಿಯುತ್ತವೆ. ನೈಟ್ರೇಟ್ ಸೇರಿದ ಮೇಲೆ ಟಿಡಿಎಸ್ ಏರೀತೇ ಹೊರತು ಇಳಿಯದು.

ಇನ್ನೊಂದು ತೊಡಕು. ನೀರಿನೊಳಗೇ ಕಿಡಿ ಹೊತ್ತಿಸುವ ಯಂತ್ರಗಳಲ್ಲಿ ಉಪ್ಪುನೀರು ಹಾಕಿದರೆ ವಿದ್ಯುತ್ತು ಕಿಡಿಯಾಗದೆ ನೀರಿನಲ್ಲೇ ಸೋರಿಹೋಗುತ್ತದೆ, ನೀರು ಬಿಸಿಯಾಗುತ್ತದೆ ಅಷ್ಟೆ. ಕಿಡಿಯ ಕಡ್ಡಿಗಳ ಮೇಲೆ ಸುಣ್ಣ ಕಟ್ಟುತ್ತದೆ. ಅದನ್ನು ಪ್ಲಗ್ ಕಿತ್ತ ಮೇಲೆ, ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ ಕಲಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ತೆಗೆಯಬೇಕು. ಕಡ್ಡಿಗಳು ತಾಮ್ರದ್ದಾಗಿದ್ದರೆ ಕಿಡಿಗೆ, ಹುಳಿಗೆ ಸವೆದು ತಾಮ್ರ ನೀರಿಗಿಳಿಯುತ್ತದೆ. ಎಳೆ ಬೇರಿನ ತುದಿ ಕಂದಾಗಿ ಮೊಂಡಾಗಿದ್ದರೆ ಮೊದಲು ಅದನ್ನೇ ಸಂಶಯಿಸಿ. ಟಂಗ್‌ಸ್ಟನ್ ಅಥವಾ ಸ್ಟೀಲಿನ ಕಡ್ಡಿ ಕೇಳಿ ತೆಗೆದುಕೊಳ್ಳಿ.

ಬಳಸಲೇಬೇಕೆಂದಿದ್ದರೆ ಮನೆ ಮಾಡಿನ ಮಳೆನೀರು ಹಿಡಿಯಿರಿ. ಮೊದಲ ಹದ ಮಳೆಯ ಧೂಳುನೀರು ಬಿಟ್ಟು, ಆಮೇಲಿನದನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿಸಿ. ಬೀಜದ ಕೆಲಸಕ್ಕೆ ವರ್ಷಕ್ಕೆ ಒಂದು ಡ್ರಮ್ ಧಾರಾಳ.

ಸುಣ್ಣದ ನೆಲದ ಮಾತು: ಮಣ್ಣಿನಲ್ಲಿ ಶೇ 1ರಷ್ಟು ಸುಣ್ಣ ಇದ್ದರೂ ಮೇಲಿನ ಅರ್ಧ ಅಡಿಯಲ್ಲಿ ಎಕರೆಗೆ ಸುಮಾರು 8 ಟನ್ ಆಗುತ್ತದೆ. ಗ್ರಾಂ ಲೆಕ್ಕದ ಹುಳಿ ಅದರ ಮುಂದೆ ಯಾವ ಮೂಲೆಗೆ? ಹುಳಿ ನೀರು ಬಿದ್ದ ಜಾಗದಲ್ಲಿ ಕಬ್ಬಿಣ, ಸತು ತುಸು ಕರಗಿ ಎಲೆ ನಾಲ್ಕು ದಿನ ಹಸಿರಾಗಿ ಕಾಣಬಹುದು, ಅದನ್ನೇ ನೆಲ ಸರಿಹೋಯಿತು ಎಂದುಕೊಳ್ಳಬೇಡಿ.

ಈರುಳ್ಳಿ ಬೀಜವನ್ನು ಈ ನೀರಲ್ಲಿ ನೆನೆಸಿ ಮಡಿಗೆ ಹಾಕಿದರೆ ಬೇಗ ಮೊಳೆಯುತ್ತದೆಯಂತೆ. ಎಷ್ಟು ಹೊತ್ತು ನೆನೆಸಬೇಕು? ಶೇಂಗಾ, ಮೆಕ್ಕೆಜೋಳಕ್ಕೂ ಮಾಡಬಹುದೇ?
— ಇಬ್ಬರು ಓದುಗರು, ಹಿರಿಯೂರು ಮತ್ತು ಜಗಳೂರು

ನಮ್ಮ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಇದು. ನೈಟ್ರೇಟ್ ಮತ್ತು ಪೆರಾಕ್ಸೈಡ್ ಎರಡೂ ಬೀಜಕ್ಕೆ ‘ಏಳು’ ಎನ್ನುವ ಸಂಕೇತಗಳು. ಹಲವು ಬೆಳೆಗಳ ಬೀಜ ಪ್ಲಾಸ್ಮಾ ನೀರಿನಲ್ಲಿ ಬೇಗ ಮೊಳೆತಿದ್ದನ್ನು ಪ್ರಯೋಗಗಳು ತೋರಿಸಿವೆ. ಆದರೆ ಅದೇ ಪದಾರ್ಥ ಔಷಧಿ ಅಂಗಡಿಯಲ್ಲೂ ಗೊಬ್ಬರದ ಅಂಗಡಿಯಲ್ಲೂ ಸಿಗುತ್ತದಲ್ಲ? ಯಂತ್ರ ಕೊಳ್ಳುವ ಮುಂಚೆ ನಾಲ್ಕು ನೀರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ.

ಮೊದಲನೆಯದು ಬರೀ ಮಳೆನೀರು. ಎರಡನೆಯದು ಅದೇ ಮಳೆನೀರಿಗೆ ಪ್ಲಾಸ್ಮಾ ಹಾಯಿಸಿದ್ದು. ಮೂರನೆಯದು ಕ್ಯಾಲ್ಸಿಯಂ ನೈಟ್ರೇಟ್ ಗೊಬ್ಬರ ಕರಗಿಸಿದ ಮಳೆನೀರು: 10 ಲೀಟರಿಗೆ 1.5 ಗ್ರಾಂ ಹಾಕಿದರೆ ನೈಟ್ರೇಟ್ ಲೀಟರಿಗೆ 100 ಮಿಲಿಗ್ರಾಂ ಆಸುಪಾಸಿಗೆ ಬರುತ್ತದೆ. ನಾಲ್ಕನೆಯದು ಔಷಧಿ ಅಂಗಡಿಯ ಶೇ 6ರ ಹೈಡ್ರೋಜನ್ ಪೆರಾಕ್ಸೈಡ್, ಲೀಟರಿಗೆ 1 ಮಿಲಿ. ಅಕ್ವೇರಿಯಂ ಅಂಗಡಿಯ ನೈಟ್ರೇಟ್ ಪಟ್ಟಿಯಿಂದ ಪ್ಲಾಸ್ಮಾ ನೀರನ್ನು ಅಳೆದು, ಮೂರನೆಯದನ್ನು ಅದಕ್ಕೆ ಸರಿಹೊಂದಿಸಿ. ಆ ಪಟ್ಟಿಗಳಲ್ಲಿ ಎರಡು ಮೋಸ ಇವೆ. ಕೆಲವು ‘ನೈಟ್ರೇಟ್’ ಎಂದೂ ಕೆಲವು ‘ನೈಟ್ರೇಟ್ ರೂಪದ ಸಾರಜನಕ’ ಎಂದೂ ಅಂಕಿ ಕೊಡುತ್ತವೆ, ನಡುವೆ 4.4 ಪಟ್ಟು ವ್ಯತ್ಯಾಸ. ಜೊತೆಗೆ ನೈಟ್ರೈಟ್ ಇದ್ದರೆ ನೈಟ್ರೇಟ್ ಪಟ್ಟಿಯೂ ಹೆಚ್ಚಿಗೆ ಬಣ್ಣ ತೋರಿಸುತ್ತದೆ. ನೈಟ್ರೈಟನ್ನು ಬೇರೆ ಪಟ್ಟಿಯಲ್ಲಿ ನೋಡಿಕೊಳ್ಳಿ.

ಒಂದೇ ಲಾಟಿನ ಬೀಜ ತೆಗೆದುಕೊಂಡು 50ರಂತೆ 16 ಪೊಟ್ಟಣ ಮಾಡಿ, ಒಂದೊಂದು ನೀರಿಗೆ ನಾಲ್ಕು. ಎಲ್ಲ ಸೇರಿ 800 ಬೀಜ, 3 ಗ್ರಾಂ ಸಾಕು. ಆರು ಗಂಟೆ ನೆನೆಸಿ, ನೆರಳಲ್ಲಿ ಆರಿಸಿ, ಒದ್ದೆ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಸಡಿಲಾಗಿ ಕಟ್ಟಿ ತಂಪು ಜಾಗದಲ್ಲಿಡಿ. ಆಮೇಲೆ ಕಾಗದ ಒದ್ದೆ ಮಾಡುವುದು ಬರೀ ನೀರಿನಿಂದ, ಎಲ್ಲಕ್ಕೂ ಒಂದೇ ನೀರು. ಚೀಲದ ಮೇಲೆ ಹೆಸರು ಬರೆಯಬೇಡಿ, ನಂಬರ್ ಹಾಕಿ. ಯಾವ ನಂಬರ್ ಯಾವ ನೀರು ಎಂದು ಗೊತ್ತಿಲ್ಲದವರ ಕೈಲಿ ಎಣಿಸಿ. 6ನೇ ದಿನ ಒಮ್ಮೆ, 12ನೇ ದಿನ ಒಮ್ಮೆ ಎಣಿಕೆ. ಬೇರು, ಕುಡಿ ಎರಡೂ ಸರಿಯಾಗಿ ಬಂದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಸಾಮಾನ್ಯವಾಗಿ ವ್ಯತ್ಯಾಸ ಕಾಣುವುದು 6ನೇ ದಿನ. 12ನೇ ದಿನಕ್ಕೆ ಎಲ್ಲ ಒಂದಾಗುವುದೇ ಹೆಚ್ಚು, ಅಂದರೆ ವೇಗ ಸಿಕ್ಕಿತು, ಸಸಿ ಹೆಚ್ಚಲಿಲ್ಲ. 50ಕ್ಕೆ ಎರಡು ಮೂರು ಬೀಜ ಆಚೀಚೆ ಆದರೆ ಅದು ಅದೃಷ್ಟ, ಫಲಿತಾಂಶ ಅಲ್ಲ. ಎರಡನೇ ನೀರು ಮೊದಲನೆಯದನ್ನು ಗೆದ್ದು, ಮೂರು ಮತ್ತು ನಾಲ್ಕರ ಜೊತೆ ಸಮಸಮ ನಿಂತರೆ ನಿಮಗೆ ಬೇಕಾದದ್ದು ಯಂತ್ರವಲ್ಲ, ಪೆರಾಕ್ಸೈಡಿನ ಸಣ್ಣ ಬಾಟಲಿ. ಈರುಳ್ಳಿ ಬೀಜ ವರ್ಷ ತುಂಬುವುದರೊಳಗೆ ಕಸುವು ಕಳೆದುಕೊಳ್ಳುತ್ತದೆ ಎನ್ನುವುದೂ ನೆನಪಿರಲಿ. ಹಳೆಯ ಬೀಜವನ್ನು ಯಾವ ನೀರೂ ಹೊಸದು ಮಾಡುವುದಿಲ್ಲ.

ಮೆಕ್ಕೆಜೋಳದ ಹೈಬ್ರಿಡ್ ಬೀಜ ಗುಲಾಬಿಯೋ ಹಸಿರೋ ಬಣ್ಣ ಬಳಿದುಕೊಂಡೇ ಬರುತ್ತದೆ. ಅದು ಶಿಲೀಂಧ್ರನಾಶಕ, ಕೆಲವದರಲ್ಲಿ ಕೀಟನಾಶಕವೂ ಇರುತ್ತದೆ. ನೆನೆಸಿದರೆ ಕಾಸು ಕೊಟ್ಟು ತಂದ ರಕ್ಷಣೆ ನೀರಲ್ಲಿ ಹೋಗುತ್ತದೆ, ಬೇಡ. ಶೇಂಗಾಕ್ಕೂ ಬೇಡ: ನೆನೆದ ಕಾಳಿನ ಸಿಪ್ಪೆ ಸುಲಿದು ಬೇಳೆ ಇಬ್ಭಾಗವಾಗುತ್ತದೆ, ಕೂರಿಗೆಯಲ್ಲಿ ಬಿದ್ದಾಗ ಇನ್ನಷ್ಟು ಒಡೆಯುತ್ತದೆ. ಶೇಂಗಾ ತನ್ನ ಬೇರುಗಂಟಿನಲ್ಲೇ ಸಾರಜನಕ ಕಟ್ಟಿಕೊಳ್ಳುವ ಬೆಳೆ, ನೈಟ್ರೇಟ್ ಕೊಟ್ಟರೆ ಗಂಟು ಕಟ್ಟಲು ಸೋಮಾರಿಯಾಗುತ್ತದೆ. ಬೀಜಕ್ಕೆ ರೈಜೋಬಿಯಂ, ಟ್ರೈಕೋಡರ್ಮಾ ಎಂಬ ಉಪಕಾರಿ ಸೂಕ್ಷ್ಮಜೀವಿಗಳನ್ನು ಹಚ್ಚುವವರು ಯಾವ ಬೆಳೆಯಲ್ಲೂ ಈ ನೀರನ್ನು ಅದರ ಜೊತೆ ಸೇರಿಸಬಾರದು. ರೋಗಾಣು ಕೊಲ್ಲುವ ನೀರಿಗೆ ಮಿತ್ರ ಶತ್ರು ಎಂಬ ಭೇದ ತಿಳಿಯದು.

ಭದ್ರಾ ನಾಲೆಯ ಕೊನೇ ಭಾಗದ ಗದ್ದೆ. ಭತ್ತಕ್ಕೆ ಕೊಡಬಹುದೇ?
— ಓದುಗರು, ಹರಿಹರ

ಬೇಡ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಆಮ್ಲಜನಕ ಇರುವುದಿಲ್ಲ. ಅಲ್ಲಿನ ಬ್ಯಾಕ್ಟೀರಿಯಾ ನೈಟ್ರೇಟ್‌ನಿಂದಲೇ ಉಸಿರಾಡಿ, ಅದನ್ನು ಮತ್ತೆ ಗಾಳಿಗೆ ಕಳಿಸುತ್ತವೆ. ಭತ್ತಕ್ಕೆ ಯೂರಿಯಾ, ಅಮೋನಿಯಂ ಗೊಬ್ಬರ ಹೇಳುವುದು ಇದೇ ಕಾರಣಕ್ಕೆ. ಗಾಳಿಯಿಂದ ಕರೆಂಟು ಸುಟ್ಟು ಹಿಡಿದದ್ದನ್ನು ಗಾಳಿಗೇ ಬಿಟ್ಟಂತಾಗುತ್ತದೆ.

ದಾಳಿಂಬೆಯ ದುಂಡಾಣು ಅಂಗಮಾರಿಗೆ ಪ್ಲಾಸ್ಮಾ ನೀರು ರಾಮಬಾಣ ಎನ್ನುತ್ತಾರೆ. ಹೊಡೆಯಬಹುದೇ?
— ಓದುಗರು, ಹೊಸದುರ್ಗ

ಗಾಜಿನ ತಟ್ಟೆಯಲ್ಲಿ ದುಂಡಾಣುವಿಗೆ ತಾಗಿದರೆ ಸಾಯುತ್ತದೆ, ನಿಜ. ತೋಟದಲ್ಲಿ ಆ ದುಂಡಾಣು ಎಲೆ, ಕೊಂಬೆ, ಕಾಯಿಯ ಒಳಗೆ ಸೇರಿಕೊಂಡಿರುತ್ತದೆ. ಈ ನೀರು ಒಳಗೆ ಇಳಿಯುವುದಿಲ್ಲ, ಎಲೆಯ ಮೇಲೆ ಆರಿದ ಮೇಲೆ ಕಾವಲೂ ನಿಲ್ಲುವುದಿಲ್ಲ. ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಶೇ 1ರ ಬೋರ್ಡೋ ದ್ರಾವಣದ ಪದರ ಎಲೆಗೆ ಅಂಟಿ ನಿಲ್ಲುತ್ತದೆ, ಅದಕ್ಕೇ ಅದು ಇಷ್ಟು ವರ್ಷ ಉಳಿದಿದೆ. ಪಿಎಚ್ 3ಕ್ಕಿಂತ ಕೆಳಗಿನ ನೀರನ್ನು ಮಧ್ಯಾಹ್ನ ಚಿಗುರಿಗೆ ಹೊಡೆದರೆ ಅಂಚು ಸುಟ್ಟು ಕಂದಾಗುತ್ತದೆ, ಆ ಗಾಯವೇ ರೋಗಕ್ಕೆ ಇನ್ನೊಂದು ಬಾಗಿಲು. ಬೋರ್ಡೋ ಜೊತೆ ಬೆರೆಸಿದರಂತೂ ಎರಡೂ ಕೆಡುತ್ತವೆ: ಸುಣ್ಣ ಹುಳಿಯನ್ನು ಕೊಲ್ಲುತ್ತದೆ, ಹುಳಿ ತಾಮ್ರವನ್ನು ಕರಗಿಸಿ ಎಲೆ ಸುಡುತ್ತದೆ.

ಚಾಟನಿ ಮಾಡುವ ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ಅದ್ದಲು ಬಳಸಬಹುದು. ಆದರೆ ಶೇ 1ರ ಸೋಡಿಯಂ ಹೈಪೋಕ್ಲೋರೈಟ್ ಆ ಕೆಲಸವನ್ನು ಬಕೆಟಿನಲ್ಲೇ ಮಾಡುತ್ತದೆ. ಕತ್ತರಿಸಿದ ಗಾಯಕ್ಕೆ ಶೇ 10ರ ಬೋರ್ಡೋ ಮುಲಾಮು ಹಚ್ಚುವುದನ್ನು ಬಿಡಬೇಡಿ. ತೋಟದ ಮಟ್ಟದ ಸಲಹೆಗೆ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ–ತೋಟಗಾರಿಕೆ ಸಂಶೋಧನಾ ಕೇಂದ್ರ ನಿಮಗೆ ಹತ್ತಿರ. ದಾವಣಗೆರೆ ಕಡೆಯವರು ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಬಹುದು.

ಹಳೇ ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರಿನಿಂದ ಮನೆಯಲ್ಲೇ ಯಂತ್ರ ಮಾಡುವ ವಿಡಿಯೊ ನೋಡಿದೆ. ಎಲೆಕ್ಟ್ರಿಷಿಯನ್ ಕೆಲಸ ಗೊತ್ತು. ನಕ್ಷೆ ಕೊಡುತ್ತೀರಾ?
— ಓದುಗರು, ದಾವಣಗೆರೆ

ಕೊಡುವುದಿಲ್ಲ. ಆ ಟ್ರಾನ್ಸ್‌ಫಾರ್ಮರ್ ಸುಮಾರು 2,000 ವೋಲ್ಟನ್ನು ಅರ್ಧ ಆಂಪಿಯರ್ ಆಸುಪಾಸಿನಲ್ಲಿ ಕೊಡುತ್ತದೆ. ಮನೆ ಕರೆಂಟು ಹೊಡೆದರೆ ಕೈ ಕಿತ್ತುಕೊಳ್ಳುವ ಅವಕಾಶವಾದರೂ ಇರಬಹುದು, ಇಲ್ಲಿ ಇಲ್ಲ. ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಹಾಕಿದ್ದೇನೆ ಎನ್ನುವ ಧೈರ್ಯವೂ ಸುಳ್ಳು: ಅದು ಕಾಯುವುದು ಟ್ರಾನ್ಸ್‌ಫಾರ್ಮರಿನ ಈಚೆಗಿನ ಸುರುಳಿಯನ್ನು, ನೀವು ಮುಟ್ಟುವುದು ಆಚೆಗಿನದನ್ನು. ಕೆಳಗೆ ಒದ್ದೆ ನೆಲ, ಕೈಯಲ್ಲಿ ನೀರಿನ ಪಾತ್ರೆ. ಕೆಪಾಸಿಟರ್ ಸೇರಿಸಿದ್ದರೆ ಪ್ಲಗ್ ಕಿತ್ತ ಮೇಲೂ ಹೊಡೆಯುತ್ತದೆ.

ಗಾಳಿಯೂ ಅಷ್ಟೇ. ಜೆರಾಕ್ಸ್ ಅಂಗಡಿಯ ಚುರುಗುಟ್ಟುವ ವಾಸನೆ ಬಂದರೆ ಅದು ಓಜೋನ್. ಕಂದು ಬಣ್ಣದ ಹೊಗೆ ಕಂಡರೆ ನೈಟ್ರೋಜನ್ ಡೈಆಕ್ಸೈಡ್. ಈ ಹೊಗೆಯನ್ನು ಉಸಿರಾಡಿದವರಿಗೆ ಆಗ ಬರೀ ಕೆಮ್ಮು, ಹಲವು ಗಂಟೆ ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಪಂಪ್‌ಹೌಸಿನ ಮುಚ್ಚಿದ ಕೋಣೆಯಲ್ಲಿ ಕೊಂಡ ಯಂತ್ರವನ್ನೂ ಓಡಿಸಬೇಡಿ. ಉಸಿರು ಕಟ್ಟಿದಂತಾದರೆ ರಾತ್ರಿ ಕಳೆಯಲಿ ಎನ್ನದೆ ಆಸ್ಪತ್ರೆಗೆ ಹೋಗಿ, ಯಾವ ಹೊಗೆ ಎಂದು ಹೇಳಿ.

ಯಂತ್ರವಿಲ್ಲದೆ, ಸುಟ್ಟ ತಾಮ್ರದ ತಂತಿ ಮತ್ತು ಸತುವಿನ ತಗಡನ್ನು ಉಪ್ಪುನೀರಲ್ಲಿಟ್ಟು ‘ಗ್ಯಾನ್ಸ್’ ಎಂಬ ಪ್ಲಾಸ್ಮಾ ನೀರು ಮಾಡುತ್ತಾರೆ. ಅದು ಹೇಗೆ?
— ಓದುಗರು, ಚಿತ್ರದುರ್ಗ

ಹೆಸರು ಒಂದೇ, ಸಂಗತಿ ಬೇರೆ. ಅಲ್ಲಿ ಕಿಡಿಯೇ ಇಲ್ಲ. ಎರಡು ಲೋಹಗಳನ್ನು ತಂತಿಯಿಂದ ಜೋಡಿಸಿ ಉಪ್ಪುನೀರಿನಲ್ಲಿಟ್ಟರೆ ಅದು ಬ್ಯಾಟರಿ. ಸತು ಸವೆದು ಸತುವಿನ ಹೈಡ್ರಾಕ್ಸೈಡ್, ಕಾರ್ಬೊನೇಟ್ ಆಗಿ ಬಿಳಿ ಗಷ್ಟು ಕೂರುತ್ತದೆ. ಸತುವಿನ ಜಾಗದಲ್ಲಿ ಕಬ್ಬಿಣ ಇಟ್ಟರೆ ಬರುವುದು ತುಕ್ಕು. ಸತುವಿನ ಕೊರತೆ ಇರುವ ನೆಲದಲ್ಲಿ ಇದರಿಂದ ಬೆಳೆ ಚೇತರಿಸಿಕೊಂಡರೆ ಆಶ್ಚರ್ಯವೇನಿಲ್ಲ, ಆದರೆ ಕೆಲಸ ಮಾಡಿದ್ದು ಸತು. ಜಿಂಕ್ ಸಲ್ಫೇಟ್ ಅದನ್ನೇ ಅಳತೆ ಗೊತ್ತಿರುವಂತೆ ಕೊಡುತ್ತದೆ. ಗಷ್ಟನ್ನು ಸರಿಯಾಗಿ ತೊಳೆಯದಿದ್ದರೆ ಜೊತೆಗೆ ಅಡುಗೆ ಉಪ್ಪನ್ನೂ ಹೊಲಕ್ಕೆ ಹೊಯ್ದಂತೆ, ನಮ್ಮ ಬೋರ್ ನೀರು ಈಗಾಗಲೇ ಕೊಡುತ್ತಿರುವುದು ಸಾಲದೆ?

ಒಮ್ಮೆ ಮಾಡಿದ ನೀರನ್ನು ಎಷ್ಟು ದಿನ ಇಡಬಹುದು?
— ಓದುಗರು, ಚನ್ನಗಿರಿ

ಗೊಬ್ಬರಕ್ಕಾದರೆ ವಾರಗಟ್ಟಲೆ, ನೈಟ್ರೇಟ್ ಎಲ್ಲಿಗೂ ಹೋಗುವುದಿಲ್ಲ. ರೋಗಾಣು ಕೊಲ್ಲಲಿಕ್ಕಾದರೆ ಮಾಡಿದ ಗಂಟೆಯೊಳಗೇ ಬಳಸುವುದು ಲೇಸು: ನೈಟ್ರೈಟ್ ಮತ್ತು ಪೆರಾಕ್ಸೈಡ್ ಒಂದನ್ನೊಂದು ತಿಂದು ನೈಟ್ರೇಟ್ ಆಗುತ್ತಲೇ ಇರುತ್ತವೆ, ಬಿಸಿಲಿನಲ್ಲಿಟ್ಟರೆ ಇನ್ನೂ ಬೇಗ. ಪ್ಲಾಸ್ಟಿಕ್ ಡಬ್ಬದಲ್ಲಿ, ನೆರಳಲ್ಲಿ, ಬಿಗಿ ಮುಚ್ಚಳ ಹಾಕಿ ಇಡಿ. ಹಿತ್ತಾಳೆ ನಲ್ಲಿ, ಜಿಐ ಪೈಪು, ತಾಮ್ರದ ಹಂಡೆ ತಾಗಿಸಬೇಡಿ. ಡಬ್ಬದ ಮೇಲೆ ತಾರೀಕು ಬರೆದು, ‘ಕುಡಿಯುವ ನೀರಲ್ಲ’ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ನೋಡಲಿಕ್ಕೆ ಇದು ಸೋಸಿದ ನೀರಿನಷ್ಟೇ ತಿಳಿಯಾಗಿರುತ್ತದೆ, ಎಳೆಗೂಸಿನ ಹೊಟ್ಟೆಗೆ ಹೋದರೆ ನೈಟ್ರೈಟ್ ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ.